ಒಂದು ದಿನದ ವಿಧಿ, ಹಲವು ದಿನಗಳ ಸಿದ್ಧತೆ

ಕರಾವಳಿಯ ಕೆಥೋಲಿಕ್ ಇಗರ್ಜಿಗಳಲ್ಲಿ ಭಾನುವಾರದ ಪೂಜೆ ಮುಗಿಯುವ ಹೊತ್ತಿಗೆ ಧರ್ಮಗುರುಗಳು ಕೆಲವು ಪ್ರಕಟಣೆಗಳನ್ನು ಓದುವುದುಂಟು. ಅವುಗಳಲ್ಲಿ ಮದುವೆಯ ಪ್ರಕಟಣೆಯೂ ಒಂದು. ಇಂಥ ಊರಿನ ಇಂಥವರ ಮಗನಿಗೂ ಇಂಥ ಊರಿನ ಇಂಥವರ ಮಗಳಿಗೂ ಮದುವೆ ನಿಶ್ಚಯವಾಗಿದೆ, ಇದಕ್ಕೆ ಅಡ್ಡಿಯೇನಾದರೂ ಇದೆಯೆಂದು ತಿಳಿದವರು ಬಂದು ಹೇಳಬೇಕು ಎಂಬುದು ಅದರ ಸಾರಾಂಶ. ಎರಡು ಮನೆಗಳವರು ಒಪ್ಪಿ, ಲಗ್ನಪತ್ರಿಕೆ ಅಚ್ಚಾಗಿ, ಛತ್ರ ಗೊತ್ತುಮಾಡಿದ ಮೇಲೂ ಊರವರನ್ನೆಲ್ಲ ಹೀಗೆ ಕೇಳುವುದೇಕೆ ಎಂದು ಹೊರಗಿನವರಿಗೆ ಅನ್ನಿಸಬಹುದು.

ಈ ಪದ್ಧತಿಗೆ ಎಂಟು ಶತಮಾನಗಳ ಇತಿಹಾಸವಿದೆ. ಗುಟ್ಟಿನ ಮದುವೆಗಳನ್ನು ತಡೆಯಲು 1215ರಲ್ಲಿ ರೋಮಿನಲ್ಲಿ ಸೇರಿದ್ದ ನಾಲ್ಕನೆಯ ಲ್ಯಾಟರನ್ ಮಹಾಸಭೆ ಇದನ್ನು ಎಲ್ಲೆಡೆ ಕಡ್ಡಾಯ ಮಾಡಿತು. ಅದರ ಹಿಂದೆ ಇನ್ನೂ ಹಳೆಯದಾದ ಒಂದು ನಂಬಿಕೆಯಿದೆ. ಕೆಥೋಲಿಕರ ಪಾಲಿಗೆ ಸಂಸ್ಕಾರವೆಂಬುದು ಒಬ್ಬ ವ್ಯಕ್ತಿಯ ಅಥವಾ ಒಂದು ಮನೆಯ ಖಾಸಗಿ ಸಮಾರಂಭವಲ್ಲ. ಅದು ಇಡೀ ಸಮುದಾಯ ಪಾಲ್ಗೊಳ್ಳುವ ಕ್ರಿಯೆ. ಆದ್ದರಿಂದಲೇ ಅದಕ್ಕೆ ಸಿದ್ಧತೆ ಬೇಕು, ಸಾಕ್ಷಿ ಬೇಕು, ದಾಖಲೆ ಬೇಕು. ಈ ಸಿದ್ಧತೆ ಕಾಲಕಾಲಕ್ಕೆ ಹೇಗೆ ಹಿಗ್ಗಿತು, ಹೇಗೆ ಕುಗ್ಗಿತು ಎಂಬುದನ್ನು ನೋಡಿದರೆ ಧರ್ಮಸಭೆಯ ಇತಿಹಾಸದ ಒಂದು ಮುಖ್ಯ ಎಳೆಯೇ ಕಾಣಸಿಗುತ್ತದೆ.

ಏಳು ಯಾವುವು?

ಹಿಂದೂ ಸಂಪ್ರದಾಯದಲ್ಲಿ ಷೋಡಶ ಸಂಸ್ಕಾರಗಳಿರುವಂತೆ ಕೆಥೋಲಿಕರಲ್ಲಿ ಏಳು ಸಂಸ್ಕಾರಗಳಿವೆ. ಮೊದಲನೆಯದು ಜ್ಞಾನಸ್ನಾನ, ತಲೆಯ ಮೇಲೆ ಮೂರು ಬಾರಿ ನೀರೆರೆದು ಮಗುವನ್ನು ಧರ್ಮಸಭೆಗೆ ಸೇರಿಸಿಕೊಳ್ಳುವ ವಿಧಿ. ಎರಡನೆಯದು ದೃಢೀಕರಣ, ಸಾಮಾನ್ಯವಾಗಿ ಬಿಷಪರೇ ಬಂದು ಹಣೆಗೆ ಪವಿತ್ರ ತೈಲ ಹಚ್ಚಿ ನೀಡುವಂಥದು. ಮೂರನೆಯದು ಪರಮಪ್ರಸಾದ, ಪೂಜೆಯಲ್ಲಿ ಯೇಸುವಿನ ಶರೀರ ಮತ್ತು ರಕ್ತವೆಂದು ನಂಬಿ ಸ್ವೀಕರಿಸುವ ರೊಟ್ಟಿ ಮತ್ತು ದ್ರಾಕ್ಷಾರಸ. ಬಳಿಕ ಪಾಪನಿವೇದನೆ, ರೋಗಿಗಳ ಅಭ್ಯಂಗ, ಯಾಜಕ ದೀಕ್ಷೆ ಮತ್ತು ವಿವಾಹ. ಕರಾವಳಿಯ ಕೊಂಕಣಿಯಲ್ಲಿ ಜ್ಞಾನಸ್ನಾನಕ್ಕೆ ‘ಬಾವ್ತಿಜ್ಮ್’, ಪಾಪನಿವೇದನೆಗೆ ‘ಕುಮ್ಸಾರ್’, ಪರಮಪ್ರಸಾದಕ್ಕೆ ‘ಕುಮ್ಗಾರ್’ ಎಂಬ ಮಾತುಗಳಿವೆ. ಇವೆಲ್ಲ ಪೋರ್ಚುಗೀಸರೊಂದಿಗೆ ಗೋವೆಗೆ ಬಂದು, ಅಲ್ಲಿಂದ ವಲಸೆ ಬಂದವರ ಬಾಯಲ್ಲಿ ಮಂಗಳೂರು ತಲುಪಿದ ಶಬ್ದಗಳು.

ಲ್ಯಾಟಿನ್ನಿನ ‘ಸಾಕ್ರಮೆಂತುಮ್’ ಎಂಬ ಪದ ಮೂಲತಃ ಧರ್ಮಕ್ಕೆ ಸಂಬಂಧಿಸಿದ್ದೇನೂ ಅಲ್ಲ. ರೋಮನ್ ಸೈನಿಕ ಸೇನೆಗೆ ಸೇರುವಾಗ ಮಾಡುತ್ತಿದ್ದ ಪ್ರಮಾಣಕ್ಕೆ ಆ ಹೆಸರಿತ್ತು. ಕ್ರಿ.ಶ. 200ರ ಆಸುಪಾಸಿನಲ್ಲಿ ಉತ್ತರ ಆಫ್ರಿಕಾದ ಲೇಖಕ ತೆರ್ತುಲಿಯನ್ ಅದನ್ನು ಜ್ಞಾನಸ್ನಾನಕ್ಕೆ ಬಳಸಿದ. ಗ್ರೀಕರು ಇದನ್ನೇ ‘ಮಿಸ್ತೇರಿಯೋನ್’, ಅಂದರೆ ರಹಸ್ಯ ಎಂದು ಕರೆದರು. ಒಂದು ಮಾತಿನಲ್ಲಿ ಮನುಷ್ಯ ಕೊಡುವ ವಚನವಿದೆ, ಇನ್ನೊಂದರಲ್ಲಿ ದೇವರು ಮಾಡುವ ಕೆಲಸವಿದೆ. ಸಂಸ್ಕಾರದ ಅರ್ಥ ಇಂದಿಗೂ ಈ ಎರಡರ ನಡುವೆಯೇ ನಿಂತಿದೆ.

ಸಂಸ್ಕಾರಗಳು ಏಳೇ ಎಂಬ ಲೆಕ್ಕವೂ ಮೊದಲಿನಿಂದ ಇದ್ದುದಲ್ಲ. ಮೊದಲ ಸಾವಿರ ವರ್ಷಗಳಲ್ಲಿ ಬೇರೆ ಬೇರೆ ಪಂಡಿತರು ಬೇರೆ ಬೇರೆ ಪಟ್ಟಿ ಕೊಟ್ಟಿದ್ದರು. ಹನ್ನೆರಡನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಅಧ್ಯಾಪಕ ಪೀಟರ್ ಲೊಂಬಾರ್ಡ್ ತನ್ನ ಗ್ರಂಥದಲ್ಲಿ ಏಳನ್ನು ಹೆಸರಿಸಿದ ಮೇಲೆ ಆ ಎಣಿಕೆ ನಿಂತಿತು. 1439ರಲ್ಲಿ ಫ್ಲಾರೆನ್ಸ್ ಮಹಾಸಭೆ ಅದನ್ನು ವಿವರಿಸಿತು. ಮಾರ್ಟಿನ್ ಲೂಥರ್ ಮೊದಲಾದ ಸುಧಾರಕರು ಏಳರ ಲೆಕ್ಕವನ್ನು ಪ್ರಶ್ನಿಸಿದಾಗ, 1547ರಲ್ಲಿ ಟ್ರೆಂಟ್ ಮಹಾಸಭೆ ಸಂಸ್ಕಾರಗಳು ಏಳಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ ಎಂದು ಸಾರಿತು.

ಮೂರು ವರ್ಷಗಳ ಕಾಯುವಿಕೆ

ಆರಂಭದ ಶತಮಾನಗಳಲ್ಲಿ ಕ್ರೈಸ್ತನಾಗುವುದು ಸುಲಭದ ಮಾತಾಗಿರಲಿಲ್ಲ. ಪ್ರಾಚೀನ ರೋಮಿನ ಪದ್ಧತಿಯನ್ನು ತಿಳಿಸುವ ‘ಅಪೊಸ್ತಲಿಕ ಸಂಪ್ರದಾಯ’ ಎಂಬ ಕೃತಿಯ ಪ್ರಕಾರ ಜ್ಞಾನಸ್ನಾನ ಬಯಸಿ ಬಂದವನು ಮೂರು ವರ್ಷ ಉಪದೇಶ ಕೇಳಬೇಕಿತ್ತು. ಅವನು ಯಾವ ಕಸುಬು ಮಾಡುತ್ತಾನೆ, ವಿಧವೆಯರನ್ನು ಗೌರವಿಸಿದನೇ, ರೋಗಿಗಳನ್ನು ಕಂಡು ಬಂದನೇ ಎಂದೆಲ್ಲ ವಿಚಾರಿಸಲಾಗುತ್ತಿತ್ತು. ಅವನ ಪರವಾಗಿ ಸಾಕ್ಷಿ ಹೇಳುವವರೂ ಬೇಕಿದ್ದರು. ಪಾಸ್ಖ ಹಬ್ಬದ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಜ್ಞಾನಸ್ನಾನ, ತೈಲಾಭ್ಯಂಗ, ಪರಮಪ್ರಸಾದ ಮೂರೂ ಒಟ್ಟಿಗೆ ದೊರೆಯುತ್ತಿದ್ದವು. ಮುಂದೆ ಧರ್ಮಸಭೆಯ ಮಹಾಪಂಡಿತನೆನಿಸಿದ ಅಗಸ್ಟೀನ್ ಕ್ರಿ.ಶ. 387ರ ಪಾಸ್ಖದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸರ ಕೈಯಲ್ಲಿ ದೀಕ್ಷೆ ಪಡೆದಾಗ ಅವನಿಗೆ ಮೂವತ್ತು ದಾಟಿತ್ತು.

ಕ್ರೈಸ್ತಮತ ರಾಜಮತವಾಗಿ, ಹುಟ್ಟಿದ ಮಕ್ಕಳಿಗೆಲ್ಲ ಜ್ಞಾನಸ್ನಾನ ಕೊಡುವುದು ರೂಢಿಯಾದ ಮೇಲೆ ಈ ದೀರ್ಘ ಸಿದ್ಧತೆ ತಾನಾಗಿ ಕರಗಿತು. ಹಸುಗೂಸಿಗೆ ಉಪದೇಶ ಮಾಡುವುದೆಲ್ಲಿಂದ ಬಂತು? ಬಿಷಪರು ದೂರದ ಪಟ್ಟಣದಲ್ಲಿದ್ದುದರಿಂದ ಪಶ್ಚಿಮದಲ್ಲಿ ದೃಢೀಕರಣ ಹಿಂದುಳಿಯಿತು, ಪರಮಪ್ರಸಾದ ಬೇರೆಯಾಯಿತು. ಪೂರ್ವದ ಸಂಪ್ರದಾಯಗಳು ಮಾತ್ರ ಮೂರನ್ನೂ ಒಟ್ಟಿಗೆ ಉಳಿಸಿಕೊಂಡವು. ಬೆಳ್ತಂಗಡಿ, ಭದ್ರಾವತಿ, ಮಂಡ್ಯ ಧರ್ಮಪ್ರಾಂತ್ಯಗಳಿರುವ ಸಿರೋ-ಮಲಬಾರ್ ಸಭೆಯೂ ಆ ಪೂರ್ವ ಸಂಪ್ರದಾಯಕ್ಕೆ ಸೇರಿದ್ದು.

ಮಗುವಿನ ಸಿದ್ಧತೆ ಅಸಾಧ್ಯವಾದಾಗ ಹೊಣೆ ದೊಡ್ಡವರ ಹೆಗಲೇರಿತು. ಜ್ಞಾನತಂದೆ, ಜ್ಞಾನತಾಯಿಯರ ಸ್ಥಾನಕ್ಕೆ ಮಹತ್ವ ಬಂದುದು ಹೀಗೆ. ಇಂದಿನ ನಿಯಮದಂತೆ ಅವರಿಗೆ ಸಾಮಾನ್ಯವಾಗಿ ಹದಿನಾರು ತುಂಬಿರಬೇಕು, ದೃಢೀಕರಣ ಆಗಿರಬೇಕು. ಹೆತ್ತವರೇ ಆ ಸ್ಥಾನದಲ್ಲಿ ನಿಲ್ಲುವಂತಿಲ್ಲ. ಉಡುಗೊರೆ ಕೊಟ್ಟು ಫೋಟೋಕ್ಕೆ ನಿಲ್ಲುವುದಷ್ಟೇ ಅವರ ಕೆಲಸವಲ್ಲ. ಮಗು ಬೆಳೆದು ತನ್ನ ಬಾಯಿಂದ ಹೇಳಬೇಕಾದ ಮಾತನ್ನು ಇಂದು ಅದರ ಪರವಾಗಿ ಹೇಳಿ, ಮುಂದೆ ಅದನ್ನು ನೆನಪಿಸುವವರು ಅವರು.

ಗಂಟೆಯ ಸದ್ದು, ಅಚ್ಚಿನ ಪುಸ್ತಕ

ಪಶ್ಚಿಮ ಕರಾವಳಿಯಲ್ಲಿ ಸಿದ್ಧತೆಯ ಕಥೆ ಗೋವೆಯಿಂದ ಆರಂಭವಾಗುತ್ತದೆ. 1542ರಲ್ಲಿ ಗೋವೆಗೆ ಬಂದಿಳಿದ ಫ್ರಾನ್ಸಿಸ್ ಕ್ಸೇವಿಯರ್ ಕೈಗಂಟೆ ಬಾರಿಸುತ್ತ ಬೀದಿಯಲ್ಲಿ ನಡೆದು ಮಕ್ಕಳನ್ನೂ ಆಳುಕಾಳುಗಳನ್ನೂ ಧರ್ಮೋಪದೇಶಕ್ಕೆ ಕರೆಯುತ್ತಿದ್ದರು. 1556ರಲ್ಲಿ ಗೋವೆಗೆ ಮುದ್ರಣಯಂತ್ರ ಬಂತು. ಇಂಗ್ಲೆಂಡಿನಿಂದ ಬಂದು ಸಾಷ್ಟಿ ಪ್ರದೇಶದಲ್ಲಿ ನೆಲೆಸಿದ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ಬರೆದ ಧರ್ಮೋಪದೇಶದ ಪುಸ್ತಕ 1622ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಕೊಂಕಣಿಯ ಮೊದಲ ಮುದ್ರಿತ ಪುಸ್ತಕವೆಂದು ಗುರುತಿಸಲಾಗಿರುವುದು ಇದನ್ನೇ. ಒಂದು ಭಾಷೆಯ ಮುದ್ರಣದ ಇತಿಹಾಸವೇ ಸಂಸ್ಕಾರದ ಸಿದ್ಧತೆಯ ಪಾಠದಿಂದ ಶುರುವಾಯಿತೆಂಬುದು ಗಮನಾರ್ಹ.

ಈ ಕಥೆಗೆ ಕಹಿಯಾದ ಇನ್ನೊಂದು ಮುಖವೂ ಇದೆ. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ಮಂಡಳಿ ಹೊಸ ಕ್ರೈಸ್ತರ ಮನೆಗಳೊಳಗಿನ ಆಚಾರಗಳ ಮೇಲೂ ಕಣ್ಣಿಟ್ಟಿತು. ಮದುವೆಗೆ ಮುನ್ನ ಮದುಮಕ್ಕಳಿಗೆ ಅರಿಶಿನ, ಎಣ್ಣೆ ಹಚ್ಚುವಂಥ ಅನೇಕ ಪದ್ಧತಿಗಳನ್ನು 1736ರ ಒಂದು ಆದೇಶ ನಿಷೇಧಿಸಿತು. ಆದರೂ ಮಂಗಳೂರು, ಉಡುಪಿ ಕಡೆಯ ಕೆಥೋಲಿಕ್ ಮನೆಗಳಲ್ಲಿ ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ‘ರೋಸ್’ ಇಂದಿಗೂ ನಡೆಯುತ್ತದೆ. ವಧುವಿಗೆ ಉಡಿಸುವ ಕೆಂಪು ‘ಸಾಡೊ’, ಕೊರಳಿನ ಕರಿಮಣಿ ಉಳಿದುಕೊಂಡಿವೆ. ಕಾಗದದ ಮೇಲಿನ ಆದೇಶಕ್ಕಿಂತ ಅಂಗಳದ ಚಪ್ಪರದ ರೂಢಿಯೇ ಗಟ್ಟಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ದಪ್ಪ ರಟ್ಟಿನ ಪುಸ್ತಕಗಳು

ಟ್ರೆಂಟ್ ಮಹಾಸಭೆ 1563ರಲ್ಲಿ ಮದುವೆಯ ನಿಯಮವನ್ನು ಬಿಗಿಗೊಳಿಸಿತು. ಮೂರು ಹಬ್ಬದ ದಿನಗಳಲ್ಲಿ ಪ್ರಕಟಣೆ ಓದಬೇಕು, ಧರ್ಮಕೇಂದ್ರದ ಗುರು ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಎದುರು ಮದುವೆ ನಡೆಯಬೇಕು, ಅದನ್ನು ಪುಸ್ತಕದಲ್ಲಿ ಬರೆದಿಡಬೇಕು. ಅಲ್ಲಿಯವರೆಗೆ ಗುಟ್ಟಿನಲ್ಲಿ ಮಾತು ಕೊಟ್ಟು, ಬಳಿಕ ಕೈಬಿಡುವ ಗಂಡಸಿನ ಎದುರು ಹೆಣ್ಣಿಗೆ ಯಾವ ಸಾಕ್ಷಿಯೂ ಇರುತ್ತಿರಲಿಲ್ಲ. ಈ ನಿಯಮ ಅವಳ ಕೈಗೆ ಒಂದು ಆಧಾರ ಕೊಟ್ಟಿತು. 1614ರಲ್ಲಿ ರೋಮಿನಿಂದ ಹೊರಟ ವಿಧಿಗ್ರಂಥ ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನ, ದೃಢೀಕರಣ, ಮದುವೆ, ಮರಣ ಮತ್ತು ಕುಟುಂಬಗಳ ವಿವರಕ್ಕೆ ಬೇರೆ ಬೇರೆ ಪುಸ್ತಕಗಳಿರಬೇಕೆಂದು ವಿಧಿಸಿತು.

ಇವುಗಳಲ್ಲಿ ಜ್ಞಾನಸ್ನಾನದ ಪುಸ್ತಕವೇ ತಾಯಿಬೇರು. ಮಗುವಿನ ಹೆಸರು, ಹುಟ್ಟಿದ ದಿನ, ಸಂಸ್ಕಾರದ ದಿನ, ಹೆತ್ತವರು, ಜ್ಞಾನತಂದೆತಾಯಿ, ಗುರುವಿನ ಹೆಸರು ಇವೆಲ್ಲ ಅದರಲ್ಲಿ ದಾಖಲಾಗುತ್ತವೆ. ಮುಂದೆ ಆ ಮಗುವಿಗೆ ದೃಢೀಕರಣ ಎಲ್ಲಿ ಆಯಿತು, ಮದುವೆ ಯಾರೊಂದಿಗೆ ನಡೆಯಿತು, ಗುರುದೀಕ್ಷೆ ಪಡೆದರೋ ಎಂಬುದನ್ನೂ ಅದೇ ನಮೂದಿನ ಬದಿಯಲ್ಲಿ ಬರೆಯಬೇಕು. ಮೂಡಬಿದ್ರೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಮದುವೆಯಾದವರ ವಿಷಯವೂ ನಿಯಮದಂತೆ ಹುಟ್ಟಿದ ಊರಿನ ಪುಸ್ತಕಕ್ಕೆ ಬಂದು ಸೇರಬೇಕು. ಮದುವೆಗೆ ಮುನ್ನ ಜ್ಞಾನಸ್ನಾನದ ಹೊಸ ಪ್ರತಿ ತನ್ನಿ ಎಂದು ಗುರುಗಳು ಕೇಳುವುದು ಇದಕ್ಕಾಗಿಯೇ. ಮೊದಲೇ ಒಂದು ಮದುವೆ ಆಗಿದ್ದರೆ ಅದು ಅಲ್ಲಿ ಕಾಣುತ್ತದೆ. 1969ರ ಜನನ ಮರಣ ನೋಂದಣಿ ಕಾಯಿದೆಗೆ ಮೊದಲು ಹುಟ್ಟಿದ ಎಷ್ಟೋ ಹಿರಿಯರಿಗೆ ವಯಸ್ಸಿನ ಪುರಾವೆಯಾಗಿ ದೊರೆತದ್ದೂ ಇದೇ ಪುಸ್ತಕದ ಒಂದು ಸಾಲು.

ಗುರುಗಳಿಲ್ಲದ ಹದಿನೈದು ವರ್ಷ

ಈ ವ್ಯವಸ್ಥೆಯೆಲ್ಲ ಮುರಿದುಬಿದ್ದ ಕಾಲವೊಂದು ಕೆನರಾದ ಕ್ರೈಸ್ತರ ನೆನಪಿನಲ್ಲಿ ಆಳವಾಗಿ ಉಳಿದಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆದೇಶದಂತೆ ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಸೆರೆಯಾದವರ ಸಂಖ್ಯೆ ಬಗ್ಗೆ 30 ಸಾವಿರದಿಂದ 80 ಸಾವಿರದವರೆಗೆ ಬೇರೆ ಬೇರೆ ಅಂದಾಜುಗಳಿವೆ. 1680ರಲ್ಲಿ ಕಟ್ಟಿದ ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲಷ್ಟೇ ಬದುಕುಳಿದವರಿಗೆ ಬಿಡುಗಡೆಯಾಯಿತು.

ಗುರುಗಳಿಲ್ಲದಿದ್ದರೆ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ರೋಗಿಗೆ ಅಭ್ಯಂಗವಿಲ್ಲ. ಆದರೆ ಜ್ಞಾನಸ್ನಾನಕ್ಕೆ ಮಾತ್ರ ಧರ್ಮಸಭೆ ಹಿಂದಿನಿಂದಲೂ ಒಂದು ಬಾಗಿಲನ್ನು ತೆರೆದಿಟ್ಟಿದೆ. ತುರ್ತು ಸಂದರ್ಭದಲ್ಲಿ ಸರಿಯಾದ ಉದ್ದೇಶವಿಟ್ಟುಕೊಂಡು ಯಾರು ಬೇಕಾದರೂ ನೀರೆರೆದು ಅದನ್ನು ಕೊಡಬಹುದು. 1614ರ ವಿಧಿಗ್ರಂಥ ಸೂಲಗಿತ್ತಿಯರಿಗೆ ಇದರ ಸರಿಯಾದ ಕ್ರಮ ಗೊತ್ತಿದೆಯೇ ಎಂದು ಗುರುಗಳು ನೋಡಿಕೊಳ್ಳಬೇಕೆಂದು ಹೇಳುತ್ತದೆ.

1799ರ ಬಳಿಕ ಶ್ರೀರಂಗಪಟ್ಟಣದ ಕ್ರೈಸ್ತ ಸಮುದಾಯವನ್ನು ಮತ್ತೆ ಒಗ್ಗೂಡಿಸುವ ಹೊಣೆ ಬಿದ್ದುದು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿ ಅವರ ಮೇಲೆ. ಕರಾವಳಿಗೆ ಮರಳಿದವರು ಇಗರ್ಜಿಗಳನ್ನು ಮತ್ತೆ ಕಟ್ಟಿದರು. 1878ರ ಕೊನೆಗೆ ಜೆಸ್ವಿಟರು ಬಂದರು, 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾಯಿತು. ಶಾಲೆ, ಮುದ್ರಣಾಲಯ, ಧರ್ಮೋಪದೇಶದ ತರಗತಿಗಳು ಬೆಳೆದವು.

ಮಕ್ಕಳ ಸರದಿ

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಮಕ್ಕಳು ಮೊದಲ ಪರಮಪ್ರಸಾದಕ್ಕೆ ಹತ್ತು, ಹನ್ನೆರಡು, ಕೆಲವೆಡೆ ಹದಿನಾಲ್ಕು ವರ್ಷದವರೆಗೂ ಕಾಯಬೇಕಿತ್ತು. 1910ರಲ್ಲಿ ಹತ್ತನೆಯ ಪಯಸ್ ಪೋಪರು ಈ ರೂಢಿಯನ್ನು ಮುರಿದರು. ಸಾಮಾನ್ಯ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ವ್ಯತ್ಯಾಸ ತಿಳಿದರೆ ಸಾಕು, ಸುಮಾರು ಏಳು ವರ್ಷದ ಮಗುವನ್ನು ತಡೆಯಬಾರದು ಎಂಬುದು ಅವರ ಆದೇಶದ ತಿರುಳು.

ಇಂದು ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಜಪಗಳನ್ನು, ದಶಾಜ್ಞೆಗಳನ್ನು ಕಲಿಯುತ್ತಾರೆ. ತಿಂಗಳುಗಟ್ಟಲೆ ಪಾಠವಾದ ಮೇಲೆ ಮೊದಲು ಪಾಪನಿವೇದನೆ, ಬಳಿಕ ಬಿಳಿ ಉಡುಪು ತೊಟ್ಟು ಮೊದಲ ಪರಮಪ್ರಸಾದ. ಹಿಂದೆ ಪ್ರಸಾದ ಪಡೆಯುವವರು ನಡುರಾತ್ರಿಯಿಂದ ತೊಟ್ಟು ನೀರೂ ಮುಟ್ಟದೆ ಉಪವಾಸವಿರಬೇಕಿತ್ತು. 1953ರಲ್ಲಿ ನೀರು ಕುಡಿಯಲು ಅನುಮತಿ ದೊರೆಯಿತು, 1957ರಲ್ಲಿ ಉಪವಾಸ ಮೂರು ಗಂಟೆಗಿಳಿಯಿತು, 1964ರಲ್ಲಿ ಒಂದು ಗಂಟೆಗೆ ಬಂತು. ಹೊಟ್ಟೆಯ ಸಿದ್ಧತೆ ಸಡಿಲವಾದಷ್ಟು ಮನಸ್ಸಿನ ಸಿದ್ಧತೆ ಗಟ್ಟಿಯಾಯಿತೇ ಎಂಬುದು ಹಿರಿಯರು ಕೇಳುವ ಪ್ರಶ್ನೆ.

ತಾಯ್ನುಡಿಗೆ ಬಂದ ಪೂಜೆ

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ದೊಡ್ಡ ತಿರುವು. 1963ರ ಡಿಸೆಂಬರ್ 4ರಂದು ಹೊರಬಂದ ಆರಾಧನಾ ವಿಧಿಯ ದಸ್ತಾವೇಜು ಜನರ ಭಾಷೆಗೆ ದಾರಿ ತೆರೆಯಿತು. ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಪೂಜೆ ಕೊಂಕಣಿಗೆ, ಕನ್ನಡಕ್ಕೆ, ತಮಿಳಿಗೆ ಬಂತು. ಪ್ರಾಚೀನ ಕಾಲದ ದೀರ್ಘ ಸಿದ್ಧತೆಯನ್ನು ಮರಳಿ ತರಬೇಕೆಂದೂ ಅದೇ ದಸ್ತಾವೇಜು ಹೇಳಿತು. ಅದರಂತೆ 1972ರಲ್ಲಿ ವಯಸ್ಕರ ದೀಕ್ಷೆಗೆ ಹಂತಹಂತವಾದ ಹೊಸ ವಿಧಿ ಬಂತು. ಹದಿನಾರು ಶತಮಾನಗಳ ಹಿಂದಿನ ಕಾಯುವಿಕೆ ಹೊಸ ರೂಪದಲ್ಲಿ ಹಿಂತಿರುಗಿತೆನ್ನಬಹುದು.

ಈ ಬದಲಾವಣೆಯಲ್ಲಿ ಬೆಂಗಳೂರಿಗೆ ವಿಶೇಷ ಪಾತ್ರವಿದೆ. ಫಾದರ್ ಡಿ.ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ 1967ರಲ್ಲಿ ಇಲ್ಲಿ ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಯ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. ನೆಲದ ಮೇಲೆ ಕುಳಿತುಕೊಳ್ಳುವುದು, ಪಾದರಕ್ಷೆ ಕಳಚುವುದು, ಕೈಮುಗಿಯುವುದು, ಎಣ್ಣೆ ದೀಪ, ಆರತಿ ಮೊದಲಾದ ಹನ್ನೆರಡು ಭಾರತೀಯ ಪದ್ಧತಿಗಳಿಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು. 1736ರಲ್ಲಿ ಅರಿಶಿನ ಹಚ್ಚಬಾರದೆಂದು ಹೇಳಿದ್ದ ಧರ್ಮಸಭೆ 1969ರಲ್ಲಿ ಆರತಿ ಎತ್ತಬಹುದೆಂದಿತು. ಎಲ್ಲರಿಗೂ ಇದು ಹಿಡಿಸಲಿಲ್ಲ. ಇದು ಬೇರೆ ಧರ್ಮದ ಅನುಕರಣೆ ಎಂದು ಒಳಗಿನ ಕೆಲವರೂ, ಮತಾಂತರದ ತಂತ್ರವೆಂದು ಹೊರಗಿನ ಕೆಲವರೂ ಆಕ್ಷೇಪಿಸಿದರು.

ಹಳೆಯ ಭಯವೊಂದೂ ಈ ಅವಧಿಯಲ್ಲಿ ಕರಗತೊಡಗಿತು. ಸಾಯುವ ಗಳಿಗೆಯಲ್ಲಷ್ಟೇ ಕೊಡುತ್ತಿದ್ದುದರಿಂದ ‘ಕಡೆಯ ಅಭ್ಯಂಗ’ ಎನಿಸಿಕೊಂಡಿದ್ದ ಸಂಸ್ಕಾರ 1972ರ ವಿಧಿಯಲ್ಲಿ ‘ರೋಗಿಗಳ ಅಭ್ಯಂಗ’ವಾಯಿತು. ಗುರುಗಳು ಮನೆಗೆ ಬಂದರೆಂದರೆ ಆಸೆ ಬಿಟ್ಟಂತೆಯೇ ಎಂಬ ಭಾವನೆ ಇದ್ದಲ್ಲಿ, ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನವೂ ಅದನ್ನು ಕೇಳಿ ಪಡೆಯುವ ರೂಢಿ ಬಂತು. ಜ್ಞಾನಸ್ನಾನವಾಗದೆ ತೀರಿಕೊಂಡ ಕೂಸುಗಳ ಪ್ರಶ್ನೆ ಇನ್ನೂ ನೋವಿನದು. ಅಂಥ ಮಕ್ಕಳಿಗೆ ಪವಿತ್ರ ಭೂಮಿಯಲ್ಲಿ ಜಾಗವಿಲ್ಲವೆಂದು ಹೇಳಿದ ಕಾಲವಿತ್ತು. 1983ರ ಧರ್ಮಸಂಹಿತೆ, ಜ್ಞಾನಸ್ನಾನ ಕೊಡಿಸಬೇಕೆಂದು ಹೆತ್ತವರು ಬಯಸಿದ್ದರೆ ಬಿಷಪರ ಅನುಮತಿಯಿಂದ ಅವರ ಅಂತ್ಯವಿಧಿ ನಡೆಸಬಹುದೆಂದಿತು. ಆ ಮಕ್ಕಳ ಮೋಕ್ಷದ ಬಗ್ಗೆ ಭರವಸೆ ಇಡಲು ಕಾರಣಗಳಿವೆ ಎಂದು 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಹೇಳಿತು. ಕೂಸನ್ನು ಕಳೆದುಕೊಂಡ ತಾಯಿಗೆ ಈ ಮಾತಿನ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ.

ಮದುವೆ: ಎರಡು ಕಾಗದ

ಇಂದು ಸಿದ್ಧತೆಯ ಪ್ರಶ್ನೆ ಹೆಚ್ಚು ತೀವ್ರವಾಗಿರುವುದು ಮದುವೆಯಲ್ಲಿ. ವಧೂವರರು ಕೆಲವು ದಿನಗಳ ಸಿದ್ಧತಾ ಶಿಬಿರದಲ್ಲಿ ಪಾಲ್ಗೊಳ್ಳಬೇಕು. ಹಣಕಾಸು, ಆರೋಗ್ಯ, ಮಕ್ಕಳ ಪಾಲನೆ, ಜಗಳವಾದಾಗ ನಡೆದುಕೊಳ್ಳುವ ಬಗೆ ಎಲ್ಲದರ ಬಗೆಗೂ ಅಲ್ಲಿ ಮಾತಾಗುತ್ತದೆ. ಗುರುಗಳು ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿ, ಒಪ್ಪಿಗೆ ಮನಃಪೂರ್ವಕವೇ, ಯಾರ ಒತ್ತಾಯವೂ ಇಲ್ಲವೇ ಎಂದು ಕೇಳುತ್ತಾರೆ. ಕೆಥೋಲಿಕ್ ದೃಷ್ಟಿಯಲ್ಲಿ ಈ ಸಂಸ್ಕಾರವನ್ನು ಕೊಡುವವರು ಗುರುಗಳಲ್ಲ, ಪರಸ್ಪರ ವಧೂವರರೇ. ಗುರು ಧರ್ಮಸಭೆಯ ಪರವಾದ ಸಾಕ್ಷಿ. ಹಾಗಾಗಿ ಒಪ್ಪಿಗೆಯಲ್ಲಿ ದೋಷವಿದ್ದರೆ ಮದುವೆಯೇ ಆಗಿಲ್ಲವೆಂದು ಧರ್ಮಸಭೆಯ ನ್ಯಾಯಮಂಡಳಿ ಹೇಳಬಹುದು. ಇದು ವಿಚ್ಛೇದನವಲ್ಲ, ಮದುವೆ ಆರಂಭದಿಂದಲೇ ಅಸಿಂಧುವಾಗಿತ್ತೆಂಬ ಘೋಷಣೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಈ ವಿಚಾರಣೆಯ ಕ್ರಮವನ್ನು ಸರಳಗೊಳಿಸಿದರು.

ಆದರೆ ದೇಶದ ಕಾನೂನು ಬೇರೆ. ಚರ್ಚಿನ ನ್ಯಾಯಮಂಡಳಿಯ ತೀರ್ಪಿಗೆ ಸಿವಿಲ್ ಕಾನೂನಿನ ಮಾನ್ಯತೆಯಿಲ್ಲವೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಂಥ ತೀರ್ಪುಗಳಿಗೆ ಮಾನ್ಯತೆ ಕೋರಿ ಸಲ್ಲಿಸಿದ್ದ ಅರ್ಜಿಯನ್ನು 2017ರಲ್ಲಿ ತಳ್ಳಿಹಾಕಿತು. ಸಿವಿಲ್ ಕೋರ್ಟಿನ ವಿಚ್ಛೇದನವಿಲ್ಲದೆ ಚರ್ಚಿನ ಕಾಗದವನ್ನಷ್ಟೇ ನಂಬಿ ಮರುಮದುವೆಯಾದವರು ಕಾನೂನಿನ ಕಣ್ಣಿನಲ್ಲಿ ಅಪರಾಧಿಗಳಾಗುವ ಅಪಾಯವಿದೆ. ಕೋರ್ಟಿನ ಕಾಗದ ಮಾತ್ರ ಇರುವವರಿಗೆ ಇಗರ್ಜಿಯಲ್ಲಿ ಮದುವೆಯಾಗುವಂತಿಲ್ಲ. ಈ ಎರಡು ಬಾಗಿಲುಗಳ ನಡುವೆ ವರ್ಷಗಟ್ಟಲೆ ಓಡಾಡಬೇಕಾಗುವವರ ಕಷ್ಟ ಸಣ್ಣದಲ್ಲ.

ಒಂದು ಹೋಲಿಕೆ ಇಲ್ಲಿ ಪ್ರಸ್ತುತ. ಗುರುದೀಕ್ಷೆ ಪಡೆಯುವವನಿಗೆ ತತ್ವಶಾಸ್ತ್ರ, ದೇವಶಾಸ್ತ್ರಗಳ ಕನಿಷ್ಠ ಆರು ವರ್ಷಗಳ ಅಧ್ಯಯನ ಕಡ್ಡಾಯ. ಮಂಗಳೂರಿನ ಜೆಪ್ಪುವಿನ ಸೆಮಿನರಿಯಂಥ ಸಂಸ್ಥೆಗಳಿರುವುದೇ ಅದಕ್ಕಾಗಿ. ಮದುವೆಯೂ ಜೀವಮಾನದ ವಚನವೇ. ಅದಕ್ಕೆ ಕೆಲವು ದಿನಗಳ ಶಿಬಿರ ಸಾಕೇ? ಈ ಪ್ರಶ್ನೆಯನ್ನು ವ್ಯಾಟಿಕನ್ನೇ ಎತ್ತಿಕೊಂಡಿದೆ. ಪ್ರಾಚೀನ ಕಾಲದ ದೀಕ್ಷಾರ್ಥಿಗಳ ಮಾದರಿಯಲ್ಲಿ ಮದುವೆಗೂ ಹೆಚ್ಚು ದೀರ್ಘವಾದ, ಮದುವೆಯ ಬಳಿಕವೂ ಮುಂದುವರಿಯುವ ಸಿದ್ಧತೆ ಬೇಕೆಂದು 2022ರ ಜೂನ್‌ನಲ್ಲಿ ಹೊರಬಂದ ಮಾರ್ಗಸೂಚಿ ಸಲಹೆ ಮಾಡಿದೆ.

ಇದು ಹೇಳಿದಷ್ಟು ಸುಲಭವಲ್ಲ. ಕೊಲ್ಲಿ ದೇಶದಲ್ಲೋ ಹಡಗಿನಲ್ಲೋ ದುಡಿಯುವ ಹುಡುಗನಿಗೆ ಮದುವೆಗೆಂದು ಸಿಗುವುದು ಕೆಲವೇ ವಾರಗಳ ರಜೆ. ಬೆಂಗಳೂರಿಗೆ ಕೆಲಸಕ್ಕೆ ಬಂದ ಹುಡುಗಿಗೆ ತನ್ನ ಧರ್ಮಕೇಂದ್ರ ಯಾವುದೆಂಬುದೇ ಗೊತ್ತಿರುವುದಿಲ್ಲ. ಇನ್ನೊಂದೆಡೆ ಮೊದಲ ಪರಮಪ್ರಸಾದದ ಉಡುಪು, ಊಟ, ಉಡುಗೊರೆಗಳ ಖರ್ಚು ಏರುತ್ತಿದ್ದು, ಬಡ ಕುಟುಂಬಗಳಿಗೆ ಸಿದ್ಧತೆಯೆಂದರೆ ಸಾಲದ ಸಿದ್ಧತೆ ಎಂಬಂತಾಗುವುದೂ ಉಂಟು. ಎಲ್ಲ ಮಕ್ಕಳಿಗೂ ಒಂದೇ ಬಗೆಯ ಸರಳ ಉಡುಪು ಗೊತ್ತುಮಾಡುವುದು ಇದಕ್ಕೆ ಇರುವ ಸುಲಭ ಪರಿಹಾರಗಳಲ್ಲೊಂದು.

ಮೂರು ವರ್ಷ ಕಾಯಿಸಿದ ಕಾಲದಲ್ಲಿ ದೀಕ್ಷಾರ್ಥಿಗೆ ಕೇಳಿದ ಪ್ರಶ್ನೆಗಳು ಅವನಿಗೆ ಎಷ್ಟು ಪಾಠ ಬಾಯಿಪಾಠವಿದೆ ಎಂಬುದಕ್ಕಷ್ಟೇ ಸೀಮಿತವಾಗಿರಲಿಲ್ಲ. ರೋಗಿಯನ್ನು ನೋಡಿ ಬಂದೆಯಾ, ವಿಧವೆಯನ್ನು ಗೌರವಿಸಿದೆಯಾ ಎಂದೂ ಕೇಳಿದ್ದರು. ಪುಸ್ತಕ, ತರಗತಿ, ಶಿಬಿರ, ಪ್ರಮಾಣಪತ್ರಗಳೆಲ್ಲ ಆ ಮೇಲೆ ಬಂದವು. ಅವುಗಳ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಂಸ್ಕಾರ ಪಡೆದವರ ಬದುಕಿನಲ್ಲಿ ಆ ಹಳೆಯ ಎರಡು ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ, ಉಳಿದ ಸಿದ್ಧತೆಯೆಲ್ಲ ಸಮಾರಂಭದ ಸಿದ್ಧತೆಯಷ್ಟೇ ಆಗಿ ಉಳಿಯುತ್ತದೆ.